ತಿರುಗಿ ಬೀಳದ ನಾಯಕಿ: 'ಮಿಸ್ ಬಾಲಾ' ಮಾಡಿದ್ದು ಸರಿಯೇ?

ಹೆರಾರ್ದೊ ನರಾಂಹೊ ನಿರ್ದೇಶಿಸಿದ ಸ್ಪ್ಯಾನಿಷ್ ಚಿತ್ರ 'ಮಿಸ್ ಬಾಲಾ' 2011ರಲ್ಲಿ ಬಂತು. ಸ್ಪ್ಯಾನಿಷ್‌ನಲ್ಲಿ ಬಾಲಾ ಅಂದರೆ ಗುಂಡು. ಮೆಕ್ಸಿಕೊದ ಗಡಿ ಊರು ತಿಹುವಾನಾ. ಅಲ್ಲಿನ ಲೌರಾ ಎಂಬ ಹುಡುಗಿ ಸೌಂದರ್ಯ ಸ್ಪರ್ಧೆಗೆ ಹೆಸರು ಕೊಡಲು ಹೋಗುತ್ತಾಳೆ, ಡ್ರಗ್ಸ್ ಗ್ಯಾಂಗಿನ ಕೈಗೆ ಸಿಕ್ಕಿಬೀಳುತ್ತಾಳೆ. ಗುಂಡಿನ ಕಾಳಗ, ಅಟ್ಟಾಟ ಎಲ್ಲ ಇರುವ ಥ್ರಿಲ್ಲರ್ ಇದು. ಆದರೆ ನಾಯಕಿ ಕೊನೆಯವರೆಗೂ ಎದೆ ಸೆಟೆದು ತಿರುಗಿ ನಿಲ್ಲುವುದಿಲ್ಲ. ಇದು ಚಿತ್ರದ ಬಲವೋ ಕೊರತೆಯೋ ಎಂದು ಇಬ್ಬರನ್ನು ಕೇಳಿದೆವು. ಎರಡೂ ಬರಹಗಳಲ್ಲಿ ಕಥೆಯ ಕೊನೆಯೂ ಬರುತ್ತದೆ. ಚಿತ್ರ ನೋಡದವರು ಗಮನಿಸಿ.

ಪರ: ಹೆದರಿದವರಿಗೂ ಒಂದು ಸಿನಿಮಾ ಬೇಕಿತ್ತು

ಬೆಳಗಾಗಿದೆ. ಹಿಂದಿನ ರಾತ್ರಿ ಕ್ಲಬ್ಬಿಗೆ ಗ್ಯಾಂಗಿನವರು ನುಗ್ಗಿ ಗುಂಡು ಹಾರಿಸಿದ್ದಾರೆ. ಲೌರಾ ಹೇಗೋ ಪಾರಾಗಿದ್ದಾಳೆ. ಗೆಳತಿ ಸುಸು ಮಾತ್ರ ಎಲ್ಲೂ ಇಲ್ಲ. ಇಂಥ ಹೊತ್ತಲ್ಲಿ ನೀವು ಏನು ಮಾಡುತ್ತೀರಿ? ಪೊಲೀಸರನ್ನು ಹುಡುಕುತ್ತೀರಿ ಅಲ್ವಾ? ಅವಳೂ ಅದನ್ನೇ ಮಾಡುತ್ತಾಳೆ. ರಸ್ತೆಯಲ್ಲಿ ಸಿಕ್ಕ ಟ್ರಾಫಿಕ್ ಪೊಲೀಸಿನವನಿಗೆ, ನಾನು ಅಲ್ಲೇ ಇದ್ದೆ, ನನ್ನ ಗೆಳತಿ ಕಾಣುತ್ತಿಲ್ಲ ಅನ್ನುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ, ಕಾರಿನಲ್ಲಿ ಕೂರಿಸಿಕೊಳ್ಳುತ್ತಾನೆ. ಆಮೇಲೆ ಸೀದಾ ಕರೆದುಕೊಂಡು ಹೋಗಿ ಗ್ಯಾಂಗಿಗೇ ಒಪ್ಪಿಸುತ್ತಾನೆ.

ಇದು ಚಿತ್ರದ ಮೊದಲ ಭಾಗದಲ್ಲೇ ಆಗುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರದ ಬೀಗದ ಕೈ ಇದೇ. ಇದಾದ ಮೇಲೂ ಅವಳು ಯಾಕೆ ಓಡಿ ಹೋಗಲಿಲ್ಲ, ಯಾಕೆ ಯಾರಿಗೂ ಹೇಳಲಿಲ್ಲ, ಯಾಕೆ ಎದುರು ಬೀಳಲಿಲ್ಲ ಎಂದು ಕೇಳುವವರು ಈ ದೃಶ್ಯವನ್ನು ಸರಿಯಾಗಿ ನೋಡಿಲ್ಲ. ಹೇಳುವುದಾದರೂ ಯಾರಿಗೆ? ಓಡುವುದಾದರೂ ಎಲ್ಲಿಗೆ? ಮನೆಯಲ್ಲಿ ಅಪ್ಪ ಇದ್ದಾನೆ, ಚಿಕ್ಕ ತಮ್ಮ ಇದ್ದಾನೆ. ಗ್ಯಾಂಗಿನ ನಾಯಕ ಲೀನೊಗೆ ಆ ಮನೆ ಯಾವ ಬೀದಿಯಲ್ಲಿದೆ ಅಂತ ಗೊತ್ತು. ಅಷ್ಟು ಗೊತ್ತಿದ್ದರೆ ಸಾಕು, ಕೈಗೆ ಕೋಳ ಹಾಕಬೇಕಾಗಿಲ್ಲ.

ಚಿತ್ರದ ಬಗ್ಗೆ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಒಂದೇ. ನಾಯಕಿ ಪೆದ್ದಿ ಥರ ಇದ್ದಾಳೆ, ಹೇಳಿದ್ದೆಲ್ಲ ಮಾಡುತ್ತಾಳೆ. ಹೀಗೆ ಹೇಳುವವರಿಗೆ ಬೇಕಿರುವುದೇನು ಅಂತ ನನಗೆ ಗೊತ್ತು. ಮಧ್ಯಂತರ ಆದ ಮೇಲೆ ಹುಡುಗಿ ಕೂದಲು ಬಿಗಿದು ಕಟ್ಟಿ ಬಂದೂಕು ಎತ್ತಬೇಕು. ಒಬ್ಬೊಬ್ಬರನ್ನೇ ಮಲಗಿಸಬೇಕು. ನಾನೂ ಮಾಲಾಶ್ರೀಯವರ ಸಿನಿಮಾ ನೋಡಿ ಕೂಗಿ ಕುಣಿದವಳೇ. ಖಾಕಿ ತೊಟ್ಟು ಅವರು ಜೀಪಿನಿಂದ ಇಳಿದರೆ ನಮ್ಮ ಊರಿನ ಟೆಂಟಿನಲ್ಲಿ ಹೆಂಗಸರ ಕಡೆಯಿಂದಲೇ ಮೊದಲು ಚಪ್ಪಾಳೆ ಬೀಳುತ್ತಿತ್ತು. ಅದರ ಖುಷಿಯೇ ಬೇರೆ. ಆದರೆ ಆ ಅಳತೆಗೋಲನ್ನು ತಿಹುವಾನಾಕ್ಕೆ ಒಯ್ಯಬೇಡಿ.

ಹಾಗೆ ಒಯ್ದರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೆ. 2019ರಲ್ಲಿ ಹಾಲಿವುಡ್ ಇದೇ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ರೀಮೇಕ್ ಮಾಡಿತು. ಕ್ಯಾಥರೀನ್ ಹಾರ್ಡ್‌ವಿಕ್ ನಿರ್ದೇಶನ, ಜೀನಾ ರೊಡ್ರಿಗೆಸ್ ನಾಯಕಿ. ಅಲ್ಲಿ ನಾಯಕಿ ಬಂದೂಕು ಹಿಡಿಯುತ್ತಾಳೆ, ಗೆಲ್ಲುತ್ತಾಳೆ, ಕೊನೆಗೆ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯಿಂದ ಕೆಲಸದ ಕರೆಯೂ ಬರುತ್ತದೆ. ನೋಡಲು ಬೇಸರವಿಲ್ಲ. ಆದರೆ ಚಿತ್ರ ಮುಗಿದ ಮೇಲೆ ಮೆಕ್ಸಿಕೊದ ಬಗ್ಗೆ ಏನೂ ಉಳಿಯುವುದಿಲ್ಲ. ಒಬ್ಬ ಗಟ್ಟಿಗಿತ್ತಿ ಹುಡುಗಿ ಮನಸ್ಸು ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಸುಳ್ಳು ಸಮಾಧಾನ ಮಾತ್ರ ಉಳಿಯುತ್ತದೆ. ಮನಸ್ಸು ಮಾಡದೆ ಸತ್ತರೇ ಅಲ್ಲಿನ ಸಾವಿರಾರು ಜನ?

2006ರ ಡಿಸೆಂಬರಿನಲ್ಲಿ ಫೆಲಿಪೆ ಕಾಲ್ದೆರೊನ್ ಮೆಕ್ಸಿಕೊದ ಅಧ್ಯಕ್ಷರಾದರು. ಕುರ್ಚಿ ಹತ್ತಿದ ಕೆಲವೇ ದಿನಗಳಲ್ಲಿ ಮಿಚೊಆಕಾನ್ ರಾಜ್ಯಕ್ಕೆ ಸೇನೆ ಕಳಿಸಿದರು. ಡ್ರಗ್ಸ್ ವಿರುದ್ಧ ಯುದ್ಧ ಅಂತ ಅದಕ್ಕೆ ಹೆಸರಾಯಿತು. ಚಿತ್ರದ ಕೊನೆಯಲ್ಲಿ ಪರದೆಯ ಮೇಲೆ ಬರುವ ಲೆಕ್ಕದ ಪ್ರಕಾರ, 2006ರಿಂದ 2011ರವರೆಗೆ ಈ ಯುದ್ಧದಲ್ಲಿ ಸತ್ತವರು 36,000. ಆಮೇಲೂ ಅದು ನಿಲ್ಲಲಿಲ್ಲ. 2022ರ ಹೊತ್ತಿಗೆ ಮೆಕ್ಸಿಕೊದ ಸರ್ಕಾರಿ ದಾಖಲೆಯಲ್ಲೇ ಕಾಣೆಯಾದವರ ಸಂಖ್ಯೆ ಒಂದು ಲಕ್ಷ ದಾಟಿತು. ಇವರಲ್ಲಿ ಗ್ಯಾಂಗಿನವರು ಇದ್ದಾರೆ, ಪೊಲೀಸರು ಇದ್ದಾರೆ. ಬಟ್ಟೆ ಒಣಹಾಕುತ್ತಿದ್ದವರು, ಟ್ಯಾಕ್ಸಿ ಓಡಿಸುತ್ತಿದ್ದವರು, ಗೆಳತಿಯ ಜೊತೆ ಪಾರ್ಟಿಗೆ ಹೋದವರೂ ಇದ್ದಾರೆ. ಅವರ ಕಥೆಯನ್ನು ಯಾರು ಹೇಳಬೇಕು?

ಲೌರಾಳ ಕಥೆ ಗಾಳಿಯಿಂದ ಹುಟ್ಟಿದ್ದಲ್ಲ. 2008ರ ಡಿಸೆಂಬರಿನಲ್ಲಿ ಸಿನಲೋವಾ ರಾಜ್ಯದ ಸುಂದರಿ ಪಟ್ಟ ಗೆದ್ದ ಯುವತಿಯೊಬ್ಬಳನ್ನು ಶಸ್ತ್ರಾಸ್ತ್ರ ತುಂಬಿದ ವಾಹನಗಳ ಜೊತೆ ಬಂಧಿಸಲಾಯಿತು. ಹಲವು ಗಂಡಸರ ಮಧ್ಯೆ ಅವಳನ್ನು ನಿಲ್ಲಿಸಿ ಪತ್ರಿಕೆಯವರಿಗೆ ತೋರಿಸಿದರು. ತಲೆ ತಗ್ಗಿಸಿ ನಿಂತ ಆ ಫೋಟೊ ಪ್ರಪಂಚ ಸುತ್ತಿತು. ಕೆಲವು ವಾರಗಳ ಮೇಲೆ ಸಾಕ್ಷ್ಯ ಸಾಲದೆ ಬಿಟ್ಟು ಕಳಿಸಿದರು. ಬಿಟ್ಟಿದ್ದು ಫೋಟೊದಷ್ಟು ಸುದ್ದಿಯಾಗಲಿಲ್ಲ. ನರಾಂಹೊ ಹಿಡಿದಿದ್ದು ಆ ತಗ್ಗಿದ ತಲೆಯನ್ನು. ಅದರೊಳಗೆ ಏನಿರಬಹುದು ಅಂತ ಕೇಳಿದರು.

ಅವರು ಕ್ಯಾಮೆರಾ ಇಟ್ಟ ರೀತಿ ನೋಡಿ. ಛಾಯಾಗ್ರಾಹಕ ಮಾತ್ಯಾಶ್ ಎರ್ದೆಯಿ, ಹಂಗೇರಿಯವರು. ಕ್ಯಾಮೆರಾ ಲೌರಾಳ ಬೆನ್ನ ಹಿಂದೆಯೇ ಹೋಗುತ್ತದೆ. ನಮಗೆ ಕಾಣುವುದು ಅವಳ ಕತ್ತು, ಹೆಗಲು, ಅದರಾಚೆ ಒಂದು ತುಣುಕು ರಸ್ತೆ. ಗುಂಡಿನ ಸದ್ದು ಎಲ್ಲಿಂದಲೋ ಬರುತ್ತದೆ. ಯಾರು ಹೊಡೆದರು, ಯಾರಿಗೆ ಬಿತ್ತು, ಗೊತ್ತಾಗುವುದಿಲ್ಲ. ರಸ್ತೆ ಕಾಳಗದಲ್ಲಿ ಅವಳು ಕಾರಿನಿಂದ ಹೊರಗೆ ಬಿದ್ದು ನೆಲದ ಮೇಲೆ ತೆವಳುತ್ತಾಳೆ. ಕ್ಯಾಮೆರಾನೂ ತೆವಳುತ್ತದೆ. ಬೇರೆ ಆ್ಯಕ್ಷನ್ ಚಿತ್ರಗಳಲ್ಲಿ ನಾವು ಬಂದೂಕಿನ ಹಿಂದೆ ಇರುತ್ತೇವೆ. ಇಲ್ಲಿ ನಮ್ಮನ್ನು ಬಂದೂಕಿನ ಮುಂದೆ ನಿಲ್ಲಿಸುತ್ತಾರೆ. ಸ್ಟೆಫನಿ ಸಿಗ್ಮನ್ ಅವರಿಗೆ ಇದು ಮೊದಲ ದೊಡ್ಡ ಪಾತ್ರ. ಮಾತು ತೀರಾ ಕಡಿಮೆ. ಅವರ ಉಸಿರು ಕೇಳಿಸುತ್ತದೆ, ಅದೇ ಸಂಭಾಷಣೆ.

ಗ್ಯಾಂಗಿನವರು ಅವಳ ಅಂಗಿ ಎತ್ತಿಸಿ ಹೊಟ್ಟೆಯ ಸುತ್ತ ನೋಟಿನ ಕಂತೆಗಳನ್ನು ಇಟ್ಟು ಟೇಪು ಸುತ್ತುವ ದೃಶ್ಯ ಇನ್ನೊಂದು. ಗಡಿ ದಾಟಿ ಅಮೆರಿಕಕ್ಕೆ ಆ ದುಡ್ಡು ಹೋಗಬೇಕು. ಅಲ್ಲಿಂದ ಗುಂಡು, ಮದ್ದು ಬರಬೇಕು. ಟೇಪು ಹರಿಯುವ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಸಾಮಾನು ಪ್ಯಾಕ್ ಮಾಡುವವರ ಮುಖದಲ್ಲಿ ಇರುವಷ್ಟೇ ಭಾವ ಅವರ ಮುಖದಲ್ಲಿ. ಅವಳು ಕೈ ಮೇಲೆತ್ತಿ ನಿಂತಿರುತ್ತಾಳೆ.

ಆ ಎತ್ತಿದ ಕೈ ನೋಡಿದಾಗ ನನಗೆ ಅಪ್ಪ ನೆನಪಾದರು.

ನಮ್ಮದು ಬಯಲುಸೀಮೆಯ ಒಂದು ತಾಲ್ಲೂಕು ಊರು. ಅಪ್ಪ ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತ್ ಇಟ್ಟಿದ್ದರು. ಜೊತೆಗೆ ಒಂದು ಜೆರಾಕ್ಸ್ ಮೆಷಿನ್ನು. ನಾನಾಗ ಏಳನೇ ಕ್ಲಾಸು. ಊರಲ್ಲಿ ಬಡ್ಡಿ ವ್ಯವಹಾರ, ಇಸ್ಪೀಟು ಕ್ಲಬ್ಬು ನಡೆಸುತ್ತಿದ್ದ ಒಬ್ಬನಿದ್ದ. ಅವನ ಹೆಸರನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಒಂದು ಸಂಜೆ ಅವನ ಕಡೆಯ ಹುಡುಗ ಬಂದು ರೆಕ್ಸಿನ್ ಬ್ಯಾಗೊಂದನ್ನು ಕೌಂಟರ್ ಮೇಲೆ ಇಟ್ಟ.

"ಯಜಮಾನ್ರೇ, ಇದು ಎರಡು ದಿನ ನಿಮ್ಮತ್ರ ಇರ್ಲಿ."

"ಏನಪ್ಪಾ ಇದ್ರಲ್ಲಿ?"

"ಬಟ್ಟೆ."

ಜಿಪ್ಪಿಗೆ ಸಣ್ಣ ಬೀಗ ಹಾಕಿತ್ತು. ಬಟ್ಟೆಗೆ ಯಾರಾದರೂ ಬೀಗ ಹಾಕುತ್ತಾರಾ? ಅಪ್ಪ ಮತ್ತೊಂದು ಮಾತು ಕೇಳಲಿಲ್ಲ. ರಾತ್ರಿ ಬ್ಯಾಗನ್ನು ಮನೆಗೆ ತಂದರು. ಅಮ್ಮ ಅದನ್ನು ರಾಗಿ ಮೂಟೆಯ ಹಿಂದೆ ತಳ್ಳಿ ಮೇಲೆ ಹಳೇ ಚೀಲ ಮುಚ್ಚಿದರು. ಎರಡು ದಿನ ಅಂದದ್ದು ನಾಲ್ಕು ದಿನವಾಯಿತು. ಆ ನಾಲ್ಕು ದಿನ ನಮ್ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಬಾಗಿಲು ತಟ್ಟಿದರೆ ಅಪ್ಪ ಮೊದಲು ಆ ಮೂಟೆಯ ಕಡೆ ನೋಡುತ್ತಿದ್ದರು. ನಾನು ಒಂದು ಸಲ ಅದನ್ನು ಕಾಲಲ್ಲಿ ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಅಮ್ಮ ಕಿವಿ ಹಿಂಡಿದರು. ಅಷ್ಟು ಜೋರಾಗಿ ಅವರು ಹಿಂಡಿದ್ದು ಅದೊಂದೇ ಸಲ.

ಐದನೇ ದಿನ ಹುಡುಗ ಬಂದು ಬ್ಯಾಗ್ ಒಯ್ದ. ಹೋಗುವಾಗ ಅರ್ಧ ಕೆ.ಜಿ. ಪೇಡ ಕೊಟ್ಟ. ಅಪ್ಪ ಅದನ್ನು ನಮಗೆ ಮುಟ್ಟಲು ಬಿಡಲಿಲ್ಲ. ಎಸೆಯಲೂ ಇಲ್ಲ. ಎಸೆದದ್ದು ಯಾರಾದರೂ ನೋಡಿದರೆ ಅನ್ನುವ ಭಯ. ಡಬ್ಬಿಯಲ್ಲೇ ಬೂಷ್ಟು ಹಿಡಿಯಿತು.

ಎಷ್ಟೋ ವರ್ಷದ ಮೇಲೆ ಈ ಕಥೆ ಹೇಳಿದಾಗ ನನ್ನ ಗಂಡನ ಮನೆಯವರು ಕೇಳಿದರು, "ಪೊಲೀಸರಿಗೆ ಹೇಳಬಾರದಿತ್ತಾ?" ಅಪ್ಪ ಅಲ್ಲೇ ಕೂತಿದ್ದರು. "ಅವರ ಜೀಪು ಸಾಯಂಕಾಲ ಆಯಿತು ಅಂದ್ರೆ ಆ ಕ್ಲಬ್ಬಿನ ಮುಂದೇನೇ ನಿಂತಿರ್ತಿತ್ತು" ಅಂದರು. ಅಷ್ಟೇ. ಮಾತು ಬದಲಾಯಿಸಿದರು. ಅವತ್ತು ಅವರ ಮುಖ ನೋಡಿದ್ದೇನೆ. ತಪ್ಪು ಮಾಡಿದವರ ಮುಖವಲ್ಲ ಅದು, ಆದರೆ ತಪ್ಪಿತಸ್ಥರ ಮುಖ. ಬ್ಯಾಗಿನಲ್ಲಿ ಏನಿತ್ತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಅಪ್ಪ ಹೇಡಿಯಲ್ಲ. ನಾಲ್ಕು ದಿನ ಮನೆಯ ಮೂವರನ್ನು ಕಾಪಾಡಿದ ಮನುಷ್ಯ. ಅವರ ಮೇಲೆ ಯಾರೂ ಸಿನಿಮಾ ಮಾಡುವುದಿಲ್ಲ, ಯಾಕೆಂದರೆ ಅವರು ಏನೂ ಮಾಡಲಿಲ್ಲ. ನರಾಂಹೊ ಅಂಥ ಒಬ್ಬಳ ಮೇಲೆ 113 ನಿಮಿಷ ಕ್ಯಾಮೆರಾ ಇಟ್ಟರು. ಅದಕ್ಕೇ ಈ ಚಿತ್ರದ ಬಗ್ಗೆ ಯಾರಾದರೂ 'ನಾಯಕಿಗೆ ಬೆನ್ನುಮೂಳೆ ಇಲ್ಲ' ಅಂದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಅವಳು ಏನೂ ಮಾಡುವುದಿಲ್ಲ ಅನ್ನುವುದೂ ನಿಜವಲ್ಲ. ತಪ್ಪಿಸಿಕೊಳ್ಳಲು ನೋಡುತ್ತಾಳೆ, ಆಗುವುದಿಲ್ಲ. ಕೊನೆಗೆ ಸೇನೆಯ ಜನರಲ್ ಇರುವ ಹೋಟೆಲ್ ಕೋಣೆಗೆ ಅವಳನ್ನು ಎರೆಯಾಗಿ ಕಳಿಸುತ್ತಾರೆ. ಅಲ್ಲಿ ಅವಳು ಬಾಯಿ ಬಿಡುತ್ತಾಳೆ. ನಿಮ್ಮನ್ನು ಕೊಲ್ಲಲು ಬರುತ್ತಿದ್ದಾರೆ ಅಂತ ಜನರಲ್‌ಗೆ ಹೇಳಿಬಿಡುತ್ತಾಳೆ. ಇಡೀ ಚಿತ್ರದಲ್ಲಿ ಅವಳು ತಾನಾಗಿ ಎತ್ತಿದ ಒಂದು ದೊಡ್ಡ ಹೆಜ್ಜೆ ಅದು. ಒಬ್ಬನ ಜೀವ ಉಳಿಸುತ್ತಾಳೆ. ಅದಕ್ಕೆ ಸಿಕ್ಕಿದ್ದೇನು? ಏಟು. ಸುಂದರಿ ಪಟ್ಟ ಗೆದ್ದವಳು ಗ್ಯಾಂಗಿನವಳು ಅಂತ ಕ್ಯಾಮೆರಾಗಳ ಮುಂದೆ ಮೆರವಣಿಗೆ. ಲೀನೊ ಸತ್ತ ಅಂತ ಬೇರೆ ಯಾರದೋ ಹೆಣ ತೋರಿಸುತ್ತಾರೆ. ವ್ಯಾಪಾರ ನಡೆಯುತ್ತಲೇ ಇರುತ್ತದೆ.

ಆಮೇಲೆ ಅವಳನ್ನು ವಾಹನದಲ್ಲಿ ತುಂಬಿಕೊಂಡು ಹೋಗಿ ಖಾಲಿ ರಸ್ತೆಯೊಂದರಲ್ಲಿ ಇಳಿಸಿಬಿಡುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಅವಳು ಒಂದು ಕ್ಷಣ ಸುಮ್ನೆ ನಿಲ್ಲುತ್ತಾಳೆ. ಆಮೇಲೆ ನಡೆಯಲು ಶುರು ಮಾಡುತ್ತಾಳೆ. ನಾನು ಈ ಚಿತ್ರವನ್ನು ಅಪ್ಪನಿಗೆ ತೋರಿಸಿಲ್ಲ. ತೋರಿಸಬೇಕು ಅಂತ ಎರಡು ಸಲ ಲ್ಯಾಪ್‌ಟಾಪ್ ತೆಗೆದುಕೊಂಡು ಊರಿಗೆ ಹೋಗಿ, ತೆರೆಯದೆ ವಾಪಸ್ ತಂದಿದ್ದೇನೆ.

ವಿರೋಧ: ಆ ಹುಡುಗಿಗೆ ಏನು ಬೇಕಿತ್ತು?

ವಿರೋಧದ ಕಡೆಯಿಂದ ಬರೆಯುತ್ತೀರಾ ಅಂತ ಸಂಪಾದಕರು ಕೇಳಿದಾಗ ನಾನು ತಕ್ಷಣ ಒಪ್ಪಲಿಲ್ಲ. 'ಮಿಸ್ ಬಾಲಾ' ಕೆಟ್ಟ ಚಿತ್ರ ಅಂತ ನಾನು ಹೇಳಲಾರೆ. ರಸ್ತೆಯ ಗುಂಡಿನ ಕಾಳಗವನ್ನು ಅಷ್ಟು ಚೆನ್ನಾಗಿ ತೆಗೆದವರು ಕಡಿಮೆ. ಈ ಬರಹಕ್ಕಾಗಿ ಇನ್ನೊಮ್ಮೆ ನೋಡಿದೆ. ಎರಡನೇ ಸಲವೂ ಆ ದೃಶ್ಯದಲ್ಲಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಆದರೆ ಕೇಳಿದ ಪ್ರಶ್ನೆ ನಾಯಕಿಯ ಬಗ್ಗೆ. ಅಲ್ಲಿ ನನಗೆ ಮೊದಲಿನಿಂದಲೂ ಒಂದು ತಕರಾರು ಇದೆ.

ಅದನ್ನು ನನಗೆ ಸ್ಪಷ್ಟ ಮಾಡಿಕೊಟ್ಟಿದ್ದು ಒಬ್ಬ ವಿದ್ಯಾರ್ಥಿನಿ. ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಸಿನಿಮಾ ತೋರಿಸುತ್ತಿದ್ದೆವು. ಇಪ್ಪತ್ತು ಇಪ್ಪತ್ತೈದು ಮಕ್ಕಳು ಬರುತ್ತಿದ್ದರು. ಈ ಚಿತ್ರ ಮುಗಿದಾಗ ಎಲ್ಲರೂ ಮಂಕಾಗಿ ಕೂತಿದ್ದರು. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿ, "ಸರ್, ಅವಳಿಗೆ ಏನು ಬೇಕಿತ್ತು?" ಅಂದಳು. ಸೌಂದರ್ಯ ಸ್ಪರ್ಧೆ ಗೆಲ್ಲಬೇಕಿತ್ತು ಅಂದೆ. "ಅದು ಶುರುವಲ್ಲಿ ಸರ್. ಆಮೇಲೆ?" ನಾನು ತಮ್ಮನ ಬಗ್ಗೆ ಹೇಳಿದೆ, ಅಪ್ಪನ ಬಗ್ಗೆ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

ಮೊದಲ ದೃಶ್ಯದಲ್ಲಿ ಲೌರಾಳ ಕೋಣೆಯ ಗೋಡೆ ತುಂಬ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಚಿತ್ರಗಳಿವೆ. ಚೆಂದದ ಬಟ್ಟೆ, ಚೆಂದದ ಮುಖಗಳು. ಒಬ್ಬ ಹುಡುಗಿಯ ಆಸೆ ಅಲ್ಲಿ ಗೋಡೆಯ ಮೇಲೇ ಇದೆ. ಆಹಾ, ಈ ಹುಡುಗಿಯನ್ನು ತಿಳಿದುಕೊಳ್ಳುತ್ತೇವೆ ಅನ್ನಿಸುತ್ತದೆ. ಆಮೇಲೆ ನಿರ್ದೇಶಕರು ಆ ಗೋಡೆಗೆ ವಾಪಸ್ ಬರುವುದೇ ಇಲ್ಲ. ಅವಳನ್ನು ಕಾರಿನಿಂದ ಕಾರಿಗೆ, ಕೋಣೆಯಿಂದ ಕೋಣೆಗೆ ಎತ್ತಿ ಇಡುತ್ತಾರೆ. ಗ್ಯಾಂಗು ಅವಳನ್ನು ಸಾಮಾನಿನ ಥರ ನೋಡುತ್ತದೆ ಅಂತ ತೋರಿಸುವುದು ಸರಿ. ಚಿತ್ರವೂ ಹಾಗೇ ನೋಡಬೇಕೇ? ಒಳಉಡುಪಿನಲ್ಲಿ ನಡುಗುತ್ತಾ ನಿಂತ ಹುಡುಗಿಯನ್ನು ಕ್ಯಾಮೆರಾ ಎಷ್ಟು ಹೊತ್ತು ನೋಡುತ್ತದೆ, ನೀವೇ ಗಮನಿಸಿ. ಅವಳು ಏನು ಯೋಚಿಸುತ್ತಿದ್ದಾಳೆ ಎಂಬುದಕ್ಕೆ ಅಷ್ಟು ಹೊತ್ತು ಸಿಗುವುದಿಲ್ಲ.

ಪರ ಬರೆಯುವವರು 'ಇದೇ ವಾಸ್ತವ' ಅನ್ನುತ್ತಾರೆ ಅಂತ ನನಗೆ ಗೊತ್ತು. ಜನ ಹೆದರುತ್ತಾರೆ, ಹೆದರಿದವರು ಸುಮ್ಮನಿರುತ್ತಾರೆ, ಅದನ್ನೇ ತೋರಿಸಿದ್ದಾರೆ. ಹಾಗಾದರೆ ಹೆದರಿಕೆಯೊಂದೇ ನಿಜ, ಮಿಕ್ಕಿದ್ದೆಲ್ಲ ಸಿನಿಮಾ ಅನ್ನುವ ಲೆಕ್ಕ ಬಂತು. ಈ ಮಾತನ್ನು ನಾನು ಒಪ್ಪಲಾರೆ. ಮೆಕ್ಸಿಕೊದವರೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ.

'ಮಿಸ್ ಬಾಲಾ' ಕಾನ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿದ್ದು 2011ರ ಮೇ ತಿಂಗಳಲ್ಲಿ. ಅದಕ್ಕೆ ಸುಮಾರು ಒಂದು ತಿಂಗಳು ಹಿಂದೆ, ಏಪ್ರಿಲ್ 15ರಂದು, ಮಿಚೊಆಕಾನ್ ರಾಜ್ಯದ ಚೆರಾನ್ ಎಂಬ ಊರಿನಲ್ಲಿ ಏನಾಯಿತು ಗೊತ್ತೇ? ಪುರೆಪೆಚಾ ಎಂಬ ಮೂಲನಿವಾಸಿ ಜನರ ಊರು ಅದು. ಸುತ್ತ ಪೈನ್ ಮರದ ಕಾಡು. ಡ್ರಗ್ಸ್ ಗ್ಯಾಂಗಿನ ಬೆಂಬಲ ಇದ್ದ ಮರಗಳ್ಳರು ಲಾರಿ ಲಾರಿ ತುಂಬ ದಿಮ್ಮಿ ಸಾಗಿಸುತ್ತಿದ್ದರು. ಊರಿನ ಮಧ್ಯದಲ್ಲೇ, ಹಗಲಲ್ಲೇ. ಎದುರು ಮಾತಾಡಿದವರು ಕಾಣೆಯಾಗುತ್ತಿದ್ದರು. ಪೊಲೀಸರು ನೋಡಿಯೂ ನೋಡದಂತೆ ಇದ್ದರು. ಲೌರಾಳ ತಿಹುವಾನಾಕ್ಕೂ ಈ ಊರಿಗೂ ಆ ವಿಷಯದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಕೊನೆಗೆ ಕಳ್ಳರು ಊರಿಗೆ ನೀರು ಕೊಡುವ ಚಿಲುಮೆಯ ಹತ್ತಿರದ ಮರಗಳಿಗೂ ಕೈ ಹಾಕಿದರು.

ಅವತ್ತು ಬೆಳಗಿನ ಜಾವ ಕೆಲವು ಹೆಂಗಸರು ಚರ್ಚಿನ ಹತ್ತಿರ ರಸ್ತೆಗೆ ಅಡ್ಡ ನಿಂತರು. ಕೈಯಲ್ಲಿ ಇದ್ದಿದ್ದು ಕಲ್ಲು. ಜೊತೆಗೆ ಹಬ್ಬಕ್ಕೆ ಹಾರಿಸುವ ಪಟಾಕಿ. ಚರ್ಚಿನ ಗಂಟೆ ಹೊಡೆದರು. ಆ ಸದ್ದಿಗೆ ಊರೇ ಎದ್ದು ಬಂತು. ಲಾರಿಗಳನ್ನು ತಡೆದರು, ಮರಗಳ್ಳರಲ್ಲಿ ಕೆಲವರನ್ನು ಹಿಡಿದು ಕೂಡಿಹಾಕಿದರು. ಅಂದು ರಾತ್ರಿಯಿಂದ ಊರಿನ ಮೂಲೆ ಮೂಲೆಯಲ್ಲೂ ಬೆಂಕಿ ಹಾಕಿ ಕಾವಲು ಕೂತರು. ಪೊಲೀಸರನ್ನು, ರಾಜಕೀಯ ಪಕ್ಷಗಳನ್ನು ಊರಿನಿಂದ ಹೊರಗೆ ಹಾಕಿದರು. ಅದೇ ವರ್ಷದ ನವೆಂಬರಿನಲ್ಲಿ ಚುನಾವಣಾ ನ್ಯಾಯಮಂಡಳಿ, ತಮ್ಮ ಪದ್ಧತಿಯಂತೆ ತಾವೇ ಆಡಳಿತಗಾರರನ್ನು ಆರಿಸಿಕೊಳ್ಳುವ ಅವರ ಹಕ್ಕನ್ನು ಒಪ್ಪಿತು. ರಾತ್ರಿ ಬೆಂಕಿಯ ಸುತ್ತ ಕೂತು ಅಡುಗೆ ಮಾಡಿ, ಊಟ ಹಂಚಿ, ನಾಳೆ ಏನು ಮಾಡಬೇಕು ಅಂತ ತೀರ್ಮಾನಿಸುತ್ತಿದ್ದವರಲ್ಲಿ ಹೆಂಗಸರೇ ಮುಂದು. ಮನೆಯ ಒಲೆ ರಸ್ತೆಗೆ ಬಂದಿತ್ತು.

ನನಗೆ ಚೆರಾನ್ ಬಗ್ಗೆ ಬರೆಯುವಾಗ ಕೈ ನಿಲ್ಲುವುದಿಲ್ಲ. ಎಂದಾದರೂ ಹೋಗಬೇಕು ಅಂತ ಆಸೆ ಇರುವ ಊರು ಅದು.

ಇವರೂ ಹೆದರಿದ್ದರು. ಹೆದರಿಕೊಂಡೇ ಎದ್ದರು. ಚಿವಾವಾ ರಾಜ್ಯದ ಮರಿಸೆಲಾ ಎಸ್ಕೊಬೆದೊ ಅವರನ್ನು ನೋಡಿ. ಮಗಳು ರೂಬಿಯನ್ನು 2008ರಲ್ಲಿ ಕೊಂದರು. ಕೊಂದವನನ್ನು ನ್ಯಾಯಾಲಯ ಬಿಟ್ಟುಬಿಟ್ಟಿತು. ತಾಯಿ ಮಗಳ ಫೋಟೊ ಎದೆಗೆ ಹಾಕಿಕೊಂಡು ರಸ್ತೆಗೆ ಇಳಿದರು, ಅವನು ಎಲ್ಲಿದ್ದಾನೆ ಅಂತ ತಾವೇ ಪತ್ತೆ ಮಾಡಿದರು. 2010ರ ಡಿಸೆಂಬರ್ 16ರಂದು ರಾಜ್ಯ ಸರ್ಕಾರದ ಕಚೇರಿಯ ಎದುರಿಗೇ ಅವರನ್ನು ಗುಂಡಿಟ್ಟು ಕೊಂದರು. ಅದೇ ರಾಜ್ಯದ ಗಡಿಯ ಸಣ್ಣ ಊರೊಂದರಲ್ಲಿ 2010ರಲ್ಲಿ ಪೊಲೀಸ್ ಮುಖ್ಯಸ್ಥರ ಕುರ್ಚಿಗೆ ಯಾರೂ ಬರಲಿಲ್ಲ. ಇಪ್ಪತ್ತು ವರ್ಷದ ವಿದ್ಯಾರ್ಥಿನಿ ಮರಿಸೊಲ್ ವಾಯೆಸ್ ಬಂದು ಕೂತಳು. ಕೆಲವೇ ತಿಂಗಳಲ್ಲಿ ಬೆದರಿಕೆ ತಾಳಲಾರದೆ ಅಮೆರಿಕಕ್ಕೆ ಹೋಗಬೇಕಾಯಿತು. ಇಬ್ಬರೂ ಗೆದ್ದರು ಅಂತ ನಾನು ಹೇಳುತ್ತಿಲ್ಲ. ಒಬ್ಬರು ಸತ್ತರು, ಇನ್ನೊಬ್ಬಳು ಊರು ಬಿಟ್ಟಳು. ಆದರೆ ಅವರಿಗೆ ಏನು ಬೇಕಿತ್ತು ಅಂತ ನನ್ನ ವಿದ್ಯಾರ್ಥಿನಿ ಕೇಳಿದ್ದರೆ ನಾನು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ.

ನಾಯಕಿ ಬಂದೂಕು ಹಿಡಿಯಲಿ ಅಂತ ನಾನು ಕೇಳುತ್ತಿಲ್ಲ. ಹಾಲಿವುಡ್‌ನವರು 2019ರಲ್ಲಿ ಮಾಡಿದ್ದು ನನಗೂ ಬೇಡ. ಒಂದು ಸಣ್ಣ ಹಟ ಸಾಕಿತ್ತು. ಗೆಳತಿ ಸುಸುವಿನ ವಿಷಯವನ್ನೇ ತೆಗೆದುಕೊಳ್ಳಿ. ಅವಳನ್ನು ಹುಡುಕಲು ಹೋಗಿಯೇ ಲೌರಾ ಸಿಕ್ಕಿಬಿದ್ದಿದ್ದು. ಆ ಹುಡುಕಾಟವೇ ಚಿತ್ರದ ಬೆನ್ನೆಲುಬಾಗಬಹುದಿತ್ತು. ಸುಸುಗೆ ಏನಾಯಿತು ಅಂತ ತಿಳಿಯದೆ ಬಿಡುವುದಿಲ್ಲ ಅನ್ನುವ ಒಂದೇ ಒಂದು ಹಟ ಅವಳೊಳಗೆ ಉರಿಯುತ್ತಿದ್ದರೆ, ಅವಳು ಹೊರಗೆ ಎಷ್ಟೇ ತಲೆ ತಗ್ಗಿಸಿದರೂ ನಾವು ಅವಳ ಜೊತೆ ಇರುತ್ತಿದ್ದೆವು. ಚಿತ್ರ ಆ ಎಳೆಯನ್ನು ಬೇಗ ಕೈಬಿಡುತ್ತದೆ.

ಇನ್ನೊಂದು ಮಾತು. ಡ್ರಗ್ಸ್ ಬಗ್ಗೆ ಇರುವ ಈ ಚಿತ್ರದಲ್ಲಿ ಡ್ರಗ್ಸ್ ಕಾಣುವುದು ತೀರಾ ಕಡಿಮೆ. ದುಡ್ಡು ಕಾಣುತ್ತದೆ, ಗುಂಡು ಕಾಣುತ್ತದೆ. ಗಡಿಯಾಚೆ ಕೊಳ್ಳುವವರು ಯಾರು, ಯಾರ ಮೂಗಿಗಾಗಿ ಇಷ್ಟು ರಕ್ತ ಅನ್ನುವುದು ಪರದೆಯ ಮೇಲೆ ಬರುವುದಿಲ್ಲ. ಮದ್ದುಗುಂಡು ಮಾರುವ ಅಮೆರಿಕದವನು ಒಂದು ಬಾರಿ ಬಂದು ಹೋಗುತ್ತಾನೆ. ಲೌರಾ ಗಡಿ ದಾಟಿದಾಗ ಆ ಕಡೆಯ ಬದುಕನ್ನು ಅವಳ ಕಣ್ಣಲ್ಲಿ ಐದು ನಿಮಿಷ ತೋರಿಸಿದ್ದರೂ ಸಾಕಿತ್ತು. ಅವಳ ಗೋಡೆಯ ಮೇಲಿದ್ದ ಆ ಚಿತ್ರಗಳ ಊರು ಅದೇ ಅಲ್ವಾ?

ಆ ವಿದ್ಯಾರ್ಥಿನಿ ಈಗ ಕೆಲಸದಲ್ಲಿದ್ದಾಳೆ. ಈ ಬರಹ ಬರೆಯುವ ಮುಂಚೆ ಫೋನು ಮಾಡಿ, ಆ ಸಿನಿಮಾ ನೆನಪಿದೆಯಾ ಅಂತ ಕೇಳಿದೆ. "ಕಿರೀಟ ಹಾಕಿಸಿಕೊಂಡು ಮೈಕ್ ಮುಂದೆ ನಿಂತಾಗ ಮಾತೇ ಬರಲ್ವಲ್ಲ ಸರ್, ಅದು ನೆನಪಿದೆ" ಅಂದಳು. ಸ್ವಲ್ಪ ತಡೆದು, "ಅವಳು ಏನು ಹೇಳಬೇಕಿತ್ತು ಅಂತ ಆಗಾಗ ಯೋಚನೆ ಮಾಡ್ತೀನಿ" ಅಂದಳು.